ಕರೆಂಟ್ ಹೋದ ಓಣಿಯಲ್ಲಿ ಬೆಳಕಿನ ಕವಚ!

ಮನ್ನಾಏಖೇಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿ. ಕಳೆದ ವಾರ ರಾತ್ರಿ ಕರೆಂಟ್ ಹೋಗಿತ್ತು. ಆ ಕತ್ತಲಲ್ಲಿ ಹಸಿರು ಕವಚ ತೊಟ್ಟ ಆಳೊಬ್ಬ ಎದೆ, ಹೆಗಲು, ತಲೆಯ ಮೇಲೆಲ್ಲ ನೀಲಿ ದೀಪ ಉರಿಸಿಕೊಂಡು ಹೊರಗೆ ಬಂದ. ಹುಡುಗರು ಓಡಿದರು. ನಾಯಿಗಳು ಓಡಲಿಲ್ಲ, ಬೊಗಳಿದವು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಯಾರ್ ಮನಿ ಪುರವಂತ ಅದಾನೋ ತಮ್ಮಾ?" ಅಂದರು.

ತಪ್ಪೇನಿಲ್ಲ ಬಿಡಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಕಂಡ ಕಣ್ಣಿಗೆ ಕವಚ ಅಂದರೆ ಪುರವಂತನೇ. ಆದರೆ ಇವನು ಈ ವರದಿಗಾರನ ಅಕ್ಕನ ಮಗ, ಪಿಯುಸಿ ವಿದ್ಯಾರ್ಥಿ. ತೊಟ್ಟದ್ದು 2001ರಲ್ಲಿ ಬಂದ 'ಹೇಲೋ' ಎಂಬ ವಿಡಿಯೋ ಗೇಮಿನ ಸಿಪಾಯಿ ಮಾಸ್ಟರ್ ಚೀಫ್‌ನ ವೇಷ. ಹೀಗೆ ವೇಷ ಕಟ್ಟುವುದಕ್ಕೆ 'ಕಾಸ್‌ಪ್ಲೇ' ಅಂತಾರೆ, ಜಪಾನಿನವರು ಕೊಟ್ಟ ಹೆಸರು. 2011ರಲ್ಲಿ ದಿಲ್ಲಿಯಲ್ಲಿ ಶುರುವಾದ ಕಾಮಿಕ್ ಕಾನ್ ಮೇಳ 2012ರಲ್ಲಿ ಬೆಂಗಳೂರಿಗೂ ಬಂತು. ಅಲ್ಲಿ ಇಂಥ ವೇಷಕ್ಕೆ ಸ್ಪರ್ಧೆ ಉಂಟು. ಹುಡುಗನ ಕಣ್ಣು ಅದರ ಮೇಲೆ.

ಕವಚ ಕಬ್ಬಿಣದ್ದಲ್ಲ, ಫೋಮಿನದು. ಚಪ್ಪಲಿ ಅಂಗಡಿಯವರಿಗೆ ಗೊತ್ತಿರುವ ಇವಿಎ ಹಾಳೆ. ಮೊದಲು ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿ, ಮೇಲೆ ಟೇಪು ಹಚ್ಚಿ, ಅದರ ಮೇಲೆ ಗೆರೆ ಎಳೆದು ಕತ್ತರಿಸಿದರೆ ಅಳತೆ ಸಿಕ್ಕಿತು. ದರ್ಜಿಯ ಕೆಲಸವೇ, ಬಟ್ಟೆ ಬೇರೆ ಅಷ್ಟೆ. ಬಿಸಿ ಗಾಳಿ ಹಾಯಿಸಿ ಬಗ್ಗಿಸಿ ಹಿಡಿದರೆ ಫೋಮು ಆರಿದ ಮೇಲೂ ಹಾಗೇ ನಿಲ್ಲುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ಸಲೂಷನ್‌ನಿಂದ ಅಂಟಿಸಬೇಕು. ಅದರ ವಾಸನೆ ತಲೆ ಸುತ್ತಿಸುತ್ತದೆ, ಆ ಕೆಲಸ ಮಾಳಿಗೆಯ ಮೇಲೇ ಆಗಬೇಕು. ಬಣ್ಣ ಹೀರದಿರಲಿ ಅಂತ ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ ಎರಡು ಮೂರು ಸಲ ಬಳಿದದ್ದಾಯಿತು.

ಇಷ್ಟರವರೆಗೆ ಅಕ್ಕ ನಕ್ಕೊಂಡೇ ಇದ್ದಳು. ಗಂಡಾಂತರ ಬಂದದ್ದು ದೀಪದಲ್ಲಿ.

ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಮೂರು ಲಿಥಿಯಂ ಸೆಲ್ ತೆಗೆದು, ಸಾಲಾಗಿ ಜೋಡಿಸಿ, 12 ವೋಲ್ಟಿನ ದೀಪದ ಪಟ್ಟಿಗೆ ಕೊಟ್ಟಿದ್ದ. ಫ್ಯೂಸ್ ಇಲ್ಲ. ಮೊಣಕೈ ಮಡಚಿದಾಗಲೆಲ್ಲ ಕವಚದ ಅಂಚು ವೈರನ್ನು ಸವೆಸಿದೆ. ಒಂದು ಸಂಜೆ ಎರಡೂ ತಂತಿ ಒಂದಕ್ಕೊಂದು ತಾಗಿದವು. ತೋಳಿಂದ ಹೊಗೆ! ಬಿಚ್ಚೋಣವೆಂದರೆ ಬಕಲುಗಳೆಲ್ಲ ಬೆನ್ನ ಹಿಂದೆ. ಅಕ್ಕ ಅಡಿಗೆಮನೆಯಿಂದ ಚಾಕು ತಂದು ಪಟ್ಟಿ ಕೊಯ್ದು ಎಳೆದು ಬಿಸಾಕಿದಳು. ತೋಳಿನ ಮೇಲೆ ನಾಲ್ಕು ಬೆರಳಗಲ ಬೊಬ್ಬೆ.

"ನಾಳೆ ಇದನ್ನ ತಿಪ್ಪಿಗಿ ಹಾಕ್ತೀನಿ ನೋಡು" ಅಂತ ಅಕ್ಕ ನನಗೇ ಜೋರು ಮಾಡಿದಳು. ಪಿಯುಸಿ ಬಿಟ್ಟ ಮಾಮಾನ ಚಾಳಿಯೇ ಅಳಿಯನಿಗೂ ಬಂದಿದೆ ಎಂಬುದು ಆಕೆಯ ವಾದ. ಉತ್ತರ ಕೊಡಲು ನನಗೆ ಮುಖ ಇರಲಿಲ್ಲ. ಹುಡುಗ ಮಾತ್ರ, "ಮಾಮಾ, ತಪ್ಪು ಎಲ್ಲಿ ಆಗ್ಯದ ಗೊತ್ತಾಯ್ತು" ಅಂದ.

ಗೊತ್ತಾದದ್ದು ನಿಜ. ಎರಡನೆಯ ಸಲ 5 ವೋಲ್ಟಿನ ದೀಪ, ಮೊಬೈಲಿನ ಪವರ್ ಬ್ಯಾಂಕ್. ಒಟ್ಟು 80 ದೀಪ. ಪೂರ್ತಿ ಬಿಳಿ ಬೆಳಕಿಗೆ ಒಂದಕ್ಕೆ 60 ಮಿಲಿಆಂಪಿಯರ್ ಬೇಕು, ಅಂದರೆ 4.8 ಆಂಪಿಯರ್. ಪವರ್ ಬ್ಯಾಂಕ್ ಕೊಡುವುದು 2. ಅದಕ್ಕೇ ಬೆಳಕನ್ನು ಕಾಲು ಭಾಗಕ್ಕೆ ಇಳಿಸಿದ, ಖರ್ಚು 1.2ಕ್ಕೆ ಬಂತು. 10,000 ಮಿಲಿಆಂಪಿಯರ್ ಅವರ್‌ನ ಪವರ್ ಬ್ಯಾಂಕಿನಲ್ಲಿ ಐದು ತಾಸು ಉರಿಯುತ್ತದೆ. ನಡುವೆ ಒಂದು ಫ್ಯೂಸ್, ಕೀಲುಗಳ ಹತ್ತಿರ ವೈರಿಗೆ ರಬ್ಬರ್ ಕೊಳವೆ. ಬಕಲುಗಳು ಈಗ ಪಕ್ಕದಲ್ಲಿ, ಒಂದೇ ಕೈಯಿಂದ ಬಿಚ್ಚುವ ಹಾಗೆ. ಅಕ್ಕ ಕೈಯಲ್ಲಿ ಗಡಿಯಾರ ಹಿಡಿದು ಅವನಿಂದ ಹತ್ತು ಸಲ ಬಿಚ್ಚಿಸಿದಳು. ಹತ್ತನೆಯ ಸಲ ಎಂಟು ಸೆಕೆಂಡು. ಆಮೇಲೇ ಓಣಿಗೆ ಬಿಟ್ಟದ್ದು.

ಬೆಂಗಳೂರಿನ ಬಸ್ ಚಾರ್ಜಿಗೆ ಅಕ್ಕ ಒಪ್ಪಿದ್ದಾಳೆ, ಪರೀಕ್ಷೆ ಪಾಸಾದರೆ ಮಾತ್ರ. ಕವಚ ಬಿಚ್ಚಿ ಗೋಣಿಚೀಲಕ್ಕೆ ತುಂಬಬಹುದು. ಹೆಲ್ಮೆಟ್ಟಿಗೆ ಮಾತ್ರ ಗಟ್ಟಿ ಡಬ್ಬಿ ಬೇಕು. ಹಳೇ ಟೀವಿಯ ಖಾಲಿ ಡಬ್ಬಿ ಯಾವ ಅಂಗಡಿಯವರ ಅಟ್ಟದ ಮೇಲಾದರೂ ಬಿದ್ದಿದ್ದರೆ, ದಯವಿಟ್ಟು ರದ್ದಿಗೆ ಹಾಕುವ ಮೊದಲು ಒಂದು ಮಾತು ಹೇಳಿ ಕಳಿಸಿ.