*ಮುರಿದದ್ದು ಕಾಲು, ಅಪಾಯಕ್ಕೆ ಸಿಲುಕಿದ್ದು ಜೀವ! ಅಲೆಕ್ಸ್ ಸ್ಮಿತ್ ಬದುಕು ಕಲಿಸುವ ಆರೋಗ್ಯ ಪಾಠ*



"ಆಪರೇಷನ್ ಚೆನ್ನಾಗಿ ಆಯ್ತಂತೆ, ಇನ್ನೇನೂ ಭಯ ಇಲ್ಲ." ಮನೆಯಲ್ಲಿ ಯಾರಾದರೂ ಬಿದ್ದು ಮೂಳೆ ಮುರಿದುಕೊಂಡಾಗ ನಾವು ಊರಿಗೆ ಫೋನ್ ಮಾಡಿ ಹೇಳುವ ಮಾತು ಇದು. ಬಹಳಷ್ಟು ಸಲ ಅದು ನಿಜವೂ ಹೌದು. ಆದರೆ ಗಾಯವಾದ ಮೇಲಿನ ಕೆಲವು ದಿನ ಮೈಮರೆಯಬಾರದು ಎಂಬುದಕ್ಕೆ ಅಮೆರಿಕದ ಒಬ್ಬ ಪ್ರಸಿದ್ಧ ಆಟಗಾರನ ಬದುಕೇ ಸಾಕ್ಷಿ. ಸ್ವಲ್ಪ ಸಮಯ ಮಾಡಿಕೊಂಡು ಪೂರ್ತಿ ಓದಿ.

*🏈 ಯಾರು ಈ ಅಲೆಕ್ಸ್ ಸ್ಮಿತ್?*

ಅಮೆರಿಕನ್ ಫುಟ್‌ಬಾಲ್ ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಎರಡೂ ಕಡೆ 11 ಜನ, ಎರಡು ತುದಿ ಚೂಪಾದ ಚೆಂಡು, ಅದನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು. ತಂಡದ ಮೆದುಳು ಎಂದರೆ ಕ್ವಾರ್ಟರ್‌ಬ್ಯಾಕ್. ಯಾರಿಗೆ ಚೆಂಡು ಎಸೆಯಬೇಕು ಎಂದು ಅವನು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅಷ್ಟರೊಳಗೆ ನೂರು ಕಿಲೋಗಿಂತ ಹೆಚ್ಚು ತೂಕದ ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಾರೆ.

1984ರಲ್ಲಿ ಹುಟ್ಟಿದ ಅಲೆಕ್ಸ್ ಸ್ಮಿತ್ ಇಂಥ ಕ್ವಾರ್ಟರ್‌ಬ್ಯಾಕ್. ಓದಿನಲ್ಲೂ ಜಾಣ. ಯೂಟಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದವರು. 2005ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸುವಾಗ ಇಡೀ ದೇಶದಲ್ಲೇ ಮೊದಲು ಆಯ್ಕೆಯಾದದ್ದು ಅವರು. ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಆರಂಭದ ವರ್ಷಗಳು ಸುಲಭವಾಗಿರಲಿಲ್ಲ. ಭುಜದ ಗಾಯದಿಂದ 2008ರ ಇಡೀ ಋತುವನ್ನೇ ಕಳೆದುಕೊಂಡರು. 2012ರಲ್ಲಿ ಚೆನ್ನಾಗಿ ಆಡುತ್ತಿದ್ದಾಗ ತಲೆಗೆ ಪೆಟ್ಟಾಗಿ ವಿಶ್ರಾಂತಿ ಪಡೆಯಬೇಕಾಯಿತು. ವಾಪಸ್ ಬರುವಷ್ಟರಲ್ಲಿ ಅವರ ಜಾಗ ಇನ್ನೊಬ್ಬರ ಪಾಲಾಗಿತ್ತು. ಮರು ವರ್ಷ ಕಾನ್ಸಾಸ್ ಸಿಟಿ ತಂಡಕ್ಕೆ ಹೋಗಿ ಮತ್ತೆ ಹೆಸರು ಮಾಡಿದರು. 2018ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದರು.

*😔 2018ರ ನವೆಂಬರ್ 18*

ಅಂದು ಹ್ಯೂಸ್ಟನ್ ತಂಡದ ಇಬ್ಬರು ಆಟಗಾರರು ಒಟ್ಟಿಗೆ ಸ್ಮಿತ್ ಅವರನ್ನು ಕೆಡವಿದರು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆಗಳು ತಿರುಚಿದಂತೆ ಮುರಿದು ಚರ್ಮ ಸೀಳಿದವು. ವಿಚಿತ್ರವೆಂದರೆ ಸರಿಯಾಗಿ 33 ವರ್ಷಗಳ ಹಿಂದೆ, 1985ರ ಅದೇ ನವೆಂಬರ್ 18ರಂದು, ಅದೇ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೀಸ್ಮನ್ ಅವರ ಬಲಗಾಲೂ ಹೀಗೇ ಮುರಿದಿತ್ತು. ಅವರು ಮತ್ತೆಂದೂ ಆಡಲಿಲ್ಲ.

ಸ್ಮಿತ್ ಅವರಿಗೆ ಕೂಡಲೇ ಆಪರೇಷನ್ ಆಯಿತು. ಮೂಳೆ ಜೋಡಿಸಿದರು. ಎಲ್ಲರೂ ಉಸಿರು ಬಿಟ್ಟರು. ಆದರೆ ಕೆಲವೇ ದಿನಗಳಲ್ಲಿ ಜ್ವರ ಬಂತು. ಕಾಲಿನ ಮೇಲೆ ಗುಳ್ಳೆಗಳೆದ್ದು ಚರ್ಮ ಕಪ್ಪಾಗತೊಡಗಿತು. ಮಾಂಸವನ್ನೇ ಕೊಳೆಸುತ್ತಾ ಹೋಗುವ *ನೆಕ್ರೋಟೈಸಿಂಗ್ ಫ್ಯಾಸಿಐಟಿಸ್* ಎಂಬ ಸೋಂಕು ತಗುಲಿತ್ತು. ಅದರಿಂದ *ಸೆಪ್ಸಿಸ್* ಆಯಿತು. ಈಗ ಪ್ರಶ್ನೆ ಆಟದ್ದಲ್ಲ, ಜೀವದ್ದು. ಸ್ಮಿತ್ ಅವರಿಗೆ ಆ ದಿನಗಳ ನೆನಪೇ ಸರಿಯಾಗಿ ಇಲ್ಲ. ಕಾಲು ಕತ್ತರಿಸುವ ಮಾತು ಬಂದಾಗ ವೈದ್ಯರ ಜೊತೆ ಕೂತು ನಿರ್ಧಾರದ ಭಾರ ಹೊತ್ತವರು ಪತ್ನಿ ಎಲಿಜಬೆತ್. ಮನೆಯಲ್ಲಿ ಮೂವರು ಚಿಕ್ಕ ಮಕ್ಕಳು.

ವೈದ್ಯರು ಸತ್ತ ಮಾಂಸವನ್ನು ಮತ್ತೆ ಮತ್ತೆ ಕತ್ತರಿಸಿ ತೆಗೆದರು. ಎಡ ತೊಡೆಯ ಸ್ನಾಯುವನ್ನು ಬಲಗಾಲಿಗೆ ಜೋಡಿಸಿದರು. ಒಟ್ಟು *17 ಆಪರೇಷನ್*. ಜೀವವೂ ಉಳಿಯಿತು, ಕಾಲೂ ಉಳಿಯಿತು.

*🦠 ಇಂಥ ಸೋಂಕು ಏಕೆ ಇಷ್ಟು ಅಪಾಯ?*

ನಿಮ್ಮ ಮೊಣಕಾಲ ಕೆಳಗೆ ಮುಂಭಾಗವನ್ನು ಮುಟ್ಟಿ ನೋಡಿ. ಮೂಳೆ ನೇರವಾಗಿ ಕೈಗೆ ಸಿಗುತ್ತದೆ, ಮೇಲೆ ತೆಳು ಚರ್ಮ ಮಾತ್ರ. ಹಾಗಾಗಿ ಇಲ್ಲಿ ಮೂಳೆ ಮುರಿದರೆ ಹೊರಗೆ ಬರುವುದು ಸುಲಭ, ರಕ್ತಸಂಚಾರ ಕಡಿಮೆಯಾದ್ದರಿಂದ ಮಾಯುವುದು ನಿಧಾನ. ಒಳಗೆ ಹೊಕ್ಕ ರೋಗಾಣು ಸ್ನಾಯುಗಳನ್ನು ಸುತ್ತಿರುವ ಪೊರೆಯ ಗುಂಟ ಹರಡಿದರೆ ಅಲ್ಲಿನ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ಹೋಗದ ಕಡೆಗೆ ಆಂಟಿಬಯೋಟಿಕ್ ಕೂಡ ತಲುಪುವುದಿಲ್ಲ. ಆದ್ದರಿಂದಲೇ ಔಷಧಿಯ ಜೊತೆಗೆ ಆಪರೇಷನ್ ಬೇಕೇ ಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ.

ಸೆಪ್ಸಿಸ್ ಎಂದರೆ ಸೋಂಕಿನ ವಿರುದ್ಧ ಹೋರಾಡುವ ಭರದಲ್ಲಿ ದೇಹ ತನ್ನದೇ ಅಂಗಾಂಗಗಳಿಗೆ ಹಾನಿ ಮಾಡಿಕೊಳ್ಳುವುದು. ಮೂಳೆ ಮುರಿದವರಿಗೆ ಮಾತ್ರವಲ್ಲ, ನ್ಯುಮೋನಿಯಾ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಿಂದಲೂ ಬರಬಹುದು.

ಗಾಬರಿ ಬೇಡ. ಮಾಂಸ ಕೊಳೆಸುವ ಈ ಸೋಂಕು ಅಪರೂಪ. ಆದರೆ ಲಕ್ಷಣಗಳು ಗೊತ್ತಿರಲಿ.

*⚠️ ಗಾಯ ಅಥವಾ ಆಪರೇಷನ್ ನಂತರ ಇವು ಕಂಡರೆ ಕಾಯಬೇಡಿ*

👉 ಹೊರಗೆ ಕಾಣುವ ಗಾಯಕ್ಕಿಂತ ನೋವು ವಿಪರೀತ ಹೆಚ್ಚಿದ್ದರೆ
👉 ಕೆಂಪು, ಊತ ಗಂಟೆಗಂಟೆಗೂ ಹರಡುತ್ತಿದ್ದರೆ (ಪೆನ್ನಿನಿಂದ ಅಂಚಿಗೆ ಗೆರೆ ಎಳೆದು ಸಮಯ ಬರೆದಿಡಿ)
👉 ಗುಳ್ಳೆ ಎದ್ದರೆ, ಚರ್ಮ ನೇರಳೆ ಅಥವಾ ಕಪ್ಪಾದರೆ, ಕೆಟ್ಟ ವಾಸನೆ ಬಂದರೆ
👉 ಚಳಿ ಜ್ವರ, ಏದುಸಿರು, ಜೋರಾದ ಎದೆಬಡಿತ
👉 ಮಾತು ತಡವರಿಸುವುದು, ಗೊಂದಲ, ಎಚ್ಚರವಿಲ್ಲದಂತೆ ಮಲಗುವುದು
👉 ಮೂತ್ರ ತೀರಾ ಕಡಿಮೆಯಾಗುವುದು

ವಯಸ್ಸಾದವರಲ್ಲಿ ಜ್ವರವೇ ಬಾರದಿರಬಹುದು, ಮೈ ತಣ್ಣಗಿರಬಹುದು. "ಜ್ವರ ಇಲ್ವಲ್ಲ" ಎಂದು ಸುಮ್ಮನಿರಬೇಡಿ. ಪ್ಯಾರಾಸಿಟಮಾಲ್ ಕೂಡ ಜ್ವರವನ್ನು ಮರೆಮಾಚುತ್ತದೆ.

ಪರಊರಿನಲ್ಲಿರುವ ನಮಗೆ ಇನ್ನೊಂದು ಮಾತು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲಿನ ಭಾಷೆ ಬಾರದಿರಬಹುದು. ಎಲ್ಲಿ ಉರಿಯುತ್ತಿದೆ, ಎಷ್ಟು ನೋಯುತ್ತಿದೆ ಎಂದು ನರ್ಸಿಗೆ ಹೇಳಲಾಗದೆ ಸಂಕೋಚದಿಂದ ಸುಮ್ಮನಾಗುತ್ತಾರೆ. ಅವರ ಪರವಾಗಿ ನೀವು ಕೇಳಿ: *"ಡಾಕ್ಟ್ರೇ, ಇದು ಸೆಪ್ಸಿಸ್ ಇರಬಹುದಾ?"* ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿ ಹೋದರೂ ಆ ಪದ ಒಂದೇ. ವೈದ್ಯರಿಗೆ ಕೂಡಲೇ ಅರ್ಥವಾಗುತ್ತದೆ. ಕೇಳುವುದಕ್ಕೆ ನಾಚಿಕೆ ಬೇಡ.

*🩹 ಮೂಳೆ ಹೊರಬಂದ ಗಾಯವಾದರೆ*

✅ 112ಕ್ಕೆ ಕರೆ ಮಾಡಿ. ಅನೇಕ ರಾಜ್ಯಗಳಲ್ಲಿ 108 ಆಂಬ್ಯುಲೆನ್ಸ್ ಕೂಡ ಇದೆ.
✅ ಶುಭ್ರ ಬಟ್ಟೆಯಿಂದ ಮುಚ್ಚಿ. ರಕ್ತ ಹರಿಯುತ್ತಿದ್ದರೆ ಮೂಳೆಯ ಮೇಲಲ್ಲ, ಅದರ ಸುತ್ತ ಒತ್ತಿ ಹಿಡಿಯಿರಿ.
✅ ಕಾಲನ್ನು ಅಲುಗಾಡಿಸಬೇಡಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಎಂದು ವೈದ್ಯರಿಗೆ ತಿಳಿಸಿ.
❌ ಮೂಳೆಯನ್ನು ಒಳಗೆ ತಳ್ಳಬೇಡಿ.
❌ ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ.
❌ ಊಟ, ಕಾಫಿ ಕೊಡಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗಬಹುದು.

ಮನೆಗೆ ಬಂದ ಮೇಲೆ ಆಂಟಿಬಯೋಟಿಕ್ ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ.

*💪 ಮತ್ತೆ ಎದ್ದು ನಿಂತದ್ದು*

ಆಸ್ಪತ್ರೆಯಿಂದ ಬಂದಾಗ ಸ್ಮಿತ್ ವೀಲ್‌ಚೇರ್‌ನಲ್ಲಿದ್ದರು. ಕಾಲಿನ ಸುತ್ತ ಲೋಹದ ಚೌಕಟ್ಟು. ತಮ್ಮದೇ ಕಾಲನ್ನು ನೋಡಲೂ ಮನಸ್ಸಾಗುತ್ತಿರಲಿಲ್ಲ. ಆಗ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಗಾಯಗೊಂಡ ಸೈನಿಕರಿಗಾಗಿ ಇರುವ ಪುನಶ್ಚೇತನ ಕೇಂದ್ರಕ್ಕೆ ಹೋದರು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು ಅಲ್ಲಿ ಬೆವರು ಸುರಿಸಿ ವ್ಯಾಯಾಮ ಮಾಡುವುದನ್ನು ಕಂಡು ಇವರಿಗೂ ಧೈರ್ಯ ಬಂತು. ಮೊದಲು ನಿಲ್ಲುವುದು, ಆಮೇಲೆ ನಡೆಯುವುದು, ಆಮೇಲೆ ಓಡುವುದು. ಪಾದ ಎತ್ತಲು ಬಲ ಸಾಲದೆ ಇದ್ದುದರಿಂದ ಬ್ರೇಸ್ ಕಟ್ಟಿಕೊಂಡೇ ಅಭ್ಯಾಸ ಮಾಡಿದರು.

2020ರ ಅಕ್ಟೋಬರ್ 11ರಂದು, ಗಾಯವಾದ *693 ದಿನಗಳ* ನಂತರ, ಮತ್ತೆ ಮೈದಾನಕ್ಕಿಳಿದರು. ಆ ಋತುವಿನಲ್ಲಿ ಅವರು ಆರಂಭದಿಂದ ಆಡಿದ 6 ಪಂದ್ಯಗಳಲ್ಲಿ ತಂಡ 5 ಗೆದ್ದಿತು. ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿಯೂ ಬಂತು. 2021ರ ಏಪ್ರಿಲ್‌ನಲ್ಲಿ ತಾವಾಗಿಯೇ ನಿವೃತ್ತಿ ಹೇಳಿದರು.

ನಮ್ಮಲ್ಲಿ ಪ್ಲಾಸ್ಟರ್ ಬಿಚ್ಚಿದ ಕೂಡಲೇ ಫಿಸಿಯೋಥೆರಪಿ ನಿಲ್ಲಿಸುವವರೇ ಹೆಚ್ಚು. "ನೋವಾಗುತ್ತೆ, ಬಿಡು" ಎನ್ನುತ್ತೇವೆ. ಮಂಡಿ ಬಿಗಿಯಾಗಿ, ಕುಂಟುವುದು ಕಾಯಂ ಆಗುತ್ತದೆ. ಮೂಳೆ ಕೂಡಿಸುವುದು ವೈದ್ಯರ ಕೆಲಸ, ನಡಿಗೆ ಕಲಿಯುವುದು ರೋಗಿಯ ಕೆಲಸ, ಜೊತೆಗೆ ನಿಲ್ಲುವುದು ಮನೆಯವರ ಕೆಲಸ. ಮೂರೂ ಸೇರಿದರೆ ಮಾತ್ರ ಗುಣ.

ಇದು ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಬದಲಿ ಅಲ್ಲ. ನಿಮ್ಮ ಕುಟುಂಬದ ಗ್ರೂಪಿಗೆ, ಕನ್ನಡ ಸಂಘದ ಗ್ರೂಪಿಗೆ ಕಳಿಸಿ. ಯಾರಿಗಾದರೂ ಸರಿಯಾದ ಹೊತ್ತಿಗೆ ನೆನಪಾದರೆ ಸಾಕು.

ಎಲ್ಲರೂ ಆರೋಗ್ಯವಾಗಿರಿ 🙏