ಲೇ-ಆಫ್ ಅಂದ್ರೆ ಏನು ತಾತ?

ನಮ್ಮ ಮಹಡಿ ಮನೆಯ ಪುಟ್ಟಿಗೆ ಒಂಬತ್ತು ವರ್ಷ. ದಿನಾ ಸಂಜೆ ಐದೂವರೆಗೆ ಲೆಕ್ಕದ ಪುಸ್ತಕ ಹಿಡಿದು ಮೆಟ್ಟಿಲಿಳಿದು ಬರುತ್ತಾಳೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನಾಲ್ಕನೇ ತರಗತಿಯ ಭಾಗಾಕಾರ ಹೇಳಿಕೊಡುವುದೇನು ಕಷ್ಟ? ನನಗೂ ಹೊತ್ತು ಹೋಗುತ್ತದೆ. ಕಳೆದ ಜೂನ್ ತಿಂಗಳ ಒಂದು ಸಂಜೆ ಅವಳು ಪುಸ್ತಕ ಬಿಡಿಸಲೇ ಇಲ್ಲ.

"ತಾತ, ಲೇ-ಆಫ್ ಅಂದ್ರೆ ಏನು?"

"ಎಲ್ಲಿ ಕೇಳಿದೆ ಪುಟ್ಟಿ ಆ ಮಾತು?"

"ಅಮ್ಮ ಫೋನಲ್ಲಿ ಅಜ್ಜಿ ಹತ್ರ ಹೇಳ್ತಿದ್ರು. ನಾನು ಹೋದ ತಕ್ಷಣ ಸುಮ್ಮನಾಗಿಬಿಟ್ರು." ಸ್ವಲ್ಪ ಹೊತ್ತು ಪೆನ್ಸಿಲ್ ತಿರುಗಿಸುತ್ತಾ ಕೂತಿದ್ದಳು. ಆಮೇಲೆ, "ನಾನು ವೀಣೆ ಕ್ಲಾಸ್ ಬಿಟ್ಟುಬಿಟ್ಟೆ. ಬೋರ್ ಆಗತ್ತೆ" ಎಂದಳು.

ಬೋರ್ ಎಂಬುದು ಸುಳ್ಳು. ಬೆಳಗ್ಗೆ ಅವಳು ಸರಳೆ ವರಸೆ ನುಡಿಸುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ತಪ್ಪಿದ ಕಡೆ ಮತ್ತೆ ಮತ್ತೆ ನುಡಿಸಿ ಸರಿ ಮಾಡಿಕೊಳ್ಳುತ್ತಿದ್ದಳು. ಬೋರ್ ಆದವರು ಹಾಗೆ ನುಡಿಸುವುದಿಲ್ಲ.

ನಾನು ಬಿ.ಕಾಂ. ಓದುವಾಗ ಕೈಗಾರಿಕಾ ಕಾನೂನಿನ ಪಾಠವಿತ್ತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 'ಲೇ-ಆಫ್' ಎಂದರೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿರುವುದು. ಕಲ್ಲಿದ್ದಲು ಇಲ್ಲ, ಕರೆಂಟಿಲ್ಲ, ಯಂತ್ರ ಕೆಟ್ಟಿದೆ ಎಂದು ಕೆಲಸಗಾರರನ್ನು ಕೆಲವು ದಿನ ಮನೆಗೆ ಕಳಿಸಿದರೆ ಅದು ಲೇ-ಆಫ್. ಹೆಚ್ಚಾದರೆಂದು ಪೂರ್ತಿ ತೆಗೆದುಹಾಕಿದರೆ ಅದು 'ರಿಟ್ರೆಂಚ್‌ಮೆಂಟ್'. ಈಗಿನ ಕಂಪನಿಗಳು ಎರಡಕ್ಕೂ ಲೇ-ಆಫ್ ಎಂದೇ ಹೇಳುತ್ತವೆ. ಇದನ್ನೆಲ್ಲ ಮಗುವಿಗೆ ಹೇಳಲಾಗುತ್ತದೆಯೇ? "ಕಂಪನಿಯಲ್ಲಿ ಇಷ್ಟು ಜನ ಬೇಡ ಅಂತ ಕೆಲವರನ್ನ ಮನೆಗೆ ಕಳಿಸೋದು. ಅವರೇನೋ ತಪ್ಪು ಮಾಡಿದ್ರು ಅಂತಲ್ಲ" ಎಂದೆ.

"ತಪ್ಪು ಮಾಡಿಲ್ಲ ಅಂದ್ರೆ ಯಾಕೆ ಮೆತ್ತಗೆ ಮಾತಾಡ್ತಾರೆ?"

ಅವತ್ತು ಉತ್ತರ ಹೊಳೆಯಲಿಲ್ಲ. ಭಾಗಾಕಾರ ತೆಗೆದುಕೋ ಎಂದೆ.

ಸೈರನ್ ನಿಂತ ಊರು

2022ರ ಕೊನೆಯಿಂದ ಜಗತ್ತಿನ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾವಿರಗಟ್ಟಲೆ ಜನರನ್ನು ತೆಗೆಯತೊಡಗಿದ ಮೇಲೆ ಇದು ಬೆಂಗಳೂರಿಗೆ ಹೊಸದಾಗಿ ಬಂದ ಪೀಡೆ ಎಂದು ಹುಡುಗರು ತಿಳಿದಿದ್ದಾರೆ. ನನ್ನ ವಯಸ್ಸಿನವರಿಗೆ ಇದು ಹಳೆಯ ಕಥೆ. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲಿನಿಂದ ಒಂದು ಪೇಟೆಗೇ ಬಿನ್ನಿಪೇಟೆ ಎಂದು ಹೆಸರಾಯಿತು. ಹೆಸರು ಉಳಿದಿದೆ, ಮಿಲ್ಲಿಲ್ಲ. ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ ಓಡಾಡುವ ಮಕ್ಕಳಿಗೆ ಅದು ರಾಜಾ ಮಿಲ್ಲಿನ ಜಾಗವೆಂದು ಗೊತ್ತಿರಲಾರದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿದ ಎಚ್‌ಎಂಟಿಯ ವಾಚು ಇಲ್ಲದೆ ನಮ್ಮ ಕಾಲದಲ್ಲಿ ಅಳಿಯನ ಕೈ ತುಂಬುತ್ತಿರಲಿಲ್ಲ. ಆ ಗಡಿಯಾರದ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೆಜಿಎಫ್‌ಗೆ. 1880ರಿಂದ ಅಗೆದ ಆ ಚಿನ್ನದ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕತ್ತಲಲ್ಲಿ ಬಂಡೆಗೆ ಕುಳಿ ಕೊರೆಯುವುದು, ಮದ್ದು ಸಿಡಿಸುವುದು, ಮೇಲಿನ ಕಲ್ಲು ಕುಸಿಯದಂತೆ ಮರ ಕೊಟ್ಟು ನಿಲ್ಲಿಸುವುದು: ಅಪ್ಪನಿಂದ ಮಗನಿಗೆ ಬಂದ ಆ ವಿದ್ಯೆಗೆ ನೆಲದ ಮೇಲೆ ಗಿರಾಕಿಯೇ ಇಲ್ಲ. ಅಂದಿನಿಂದ ಆ ಊರಿನ ಎಷ್ಟೋ ಜನಕ್ಕೆ ರೈಲೇ ಆಧಾರ. ನಸುಕಿನಲ್ಲಿ ಮಾರಿಕುಪ್ಪಂನಲ್ಲಿ ಹತ್ತಿ, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು, ಕಾವಲು, ಕಟ್ಟಡ, ಅಂಗಡಿ, ಆಫೀಸು ಎಂದು ಸಿಕ್ಕಿದ ಕೆಲಸ ಮಾಡಿ ರಾತ್ರಿ ಹಿಂತಿರುಗುತ್ತಾರೆ. ಮಕ್ಕಳು ಏಳುವ ಮುಂಚೆ ಹೊರಟು, ಮಲಗುವ ಹೊತ್ತಿಗೆ ವಾಪಸು.

ಇವರಲ್ಲಿ ಯಾರು ತಪ್ಪು ಮಾಡಿದ್ದರು? ಆದರೂ ಕೆಲಸ ಹೋದವನ ತಲೆ ತಗ್ಗುತ್ತದೆ. 'ಉದ್ಯೋಗಂ ಪುರುಷಲಕ್ಷಣಂ' ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಉದ್ಯೋಗ ಹೋದರೆ ಲಕ್ಷಣವೇ ಹೋಯಿತು ಎಂದುಕೊಳ್ಳುತ್ತೇವೆ. ಪುಟ್ಟಿಯ ಮನೆಯಲ್ಲಿ ಮಾತು ಮೆತ್ತಗಾದದ್ದು ಅದಕ್ಕೇ.

ಮಕ್ಕಳ ಪಟ್ಟಿ

ಈ ಬಗ್ಗೆ ಬಹಳ ಹಿಂದೆಯೇ ಒಂದು ಅಧ್ಯಯನ ನಡೆದಿದೆ. ಆಸ್ಟ್ರಿಯಾದ ವಿಯೆನ್ನಾ ನಗರದ ಹತ್ತಿರ ಮರಿಯೆಂತಾಲ್ ಎಂಬ ಹಳ್ಳಿ. ಊರಿಗೆಲ್ಲ ಒಂದೇ ನೂಲಿನ ಗಿರಣಿ. 1929–30ರ ಹೊತ್ತಿಗೆ ಅದು ಮುಚ್ಚಿತು. ಮರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸಲ್ ಮತ್ತು ಅವರ ಜೊತೆಗಾರರು ಆ ಹಳ್ಳಿಗೆ ಹೋಗಿ ಪ್ರತಿ ಮನೆಯ ಸ್ಥಿತಿಯನ್ನೂ ಬರೆದಿಟ್ಟು 1933ರಲ್ಲಿ ಪ್ರಕಟಿಸಿದರು.

ಕೆಲಸವಿಲ್ಲದವರಿಗೆ ಬೇಕಾದಷ್ಟು ಬಿಡುವು, ಓದಬಹುದು, ಆಡಬಹುದು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಆದದ್ದೇ ಬೇರೆ. ಹಳ್ಳಿಯ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರು ರಸ್ತೆಯಲ್ಲಿ ನಿಧಾನವಾಗಿ, ನಿಂತು ನಿಂತು ನಡೆಯತೊಡಗಿದರು. ಎಷ್ಟೋ ಜನ ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಹೆಂಗಸರು ಮಾತ್ರ ಬಿರಬಿರನೆ ನಡೆಯುತ್ತಿದ್ದರು, ಮನೆಗೆಲಸಕ್ಕೆ ಯಾರೂ ಬೀಗ ಹಾಕಿರಲಿಲ್ಲವಲ್ಲ! ಕೆಲಸ ಸಂಬಳ ಮಾತ್ರ ಕೊಡುವುದಿಲ್ಲ, ದಿನಕ್ಕೊಂದು ಕಟ್ಟು, ನಾಲ್ಕು ಜನರ ಸಹವಾಸ, ಸಮಾಜದಲ್ಲೊಂದು ಸ್ಥಾನ, ಏನೋ ಒಂದಕ್ಕೆ ಬೇಕಾದವನೆಂಬ ಭಾವ ಎಲ್ಲವನ್ನೂ ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು.

ನನ್ನನ್ನು ತಟ್ಟಿದ್ದು ಅದರಲ್ಲಿನ ಮಕ್ಕಳ ವಿಷಯ. ಕ್ರಿಸ್‌ಮಸ್‌ಗೆ ಏನು ಬೇಕು ಬರೆಯಿರಿ ಎಂದು ಶಾಲೆಯ ಮಕ್ಕಳಿಗೆ ಹೇಳಿದ್ದರು. ಅಕ್ಕಪಕ್ಕದ ಊರಿನ ಮಕ್ಕಳು ಕೇಳಿದ್ದಕ್ಕಿಂತ ಮರಿಯೆಂತಾಲ್ ಮಕ್ಕಳು ಕೇಳಿದ್ದು ಎಷ್ಟೋ ಅಗ್ಗದ ವಸ್ತುಗಳು. ಅಪ್ಪ ಅಮ್ಮನಿಗೆ ಕೆಲಸವಿದ್ದಿದ್ದರೆ ಇಂಥದ್ದು ಕೇಳುತ್ತಿದ್ದೆ ಎಂಬ ಧಾಟಿಯಲ್ಲಿ ಕೆಲವರು ಬರೆದಿದ್ದರು. ತಮ್ಮ ಪಟ್ಟಿಯನ್ನು ತಾವೇ ಮೊಟಕು ಮಾಡಿಕೊಂಡಿದ್ದರು.

ನಮ್ಮ ಪುಟ್ಟಿ ಮಾಡಿದ್ದೂ ಅದನ್ನೇ. ಅವಳಿಗೆ ಯಾರೂ ವೀಣೆ ಬಿಡು ಎಂದಿರಲಿಲ್ಲ. ತನ್ನ ಫೀಸಿನಿಂದಲೇ ಮನೆಗೆ ಕಷ್ಟ ಬಂದಿದೆ ಎಂದು ಒಂಬತ್ತರ ಬುದ್ಧಿ ಲೆಕ್ಕ ಹಾಕಿತ್ತು.

ನನ್ನ ಮೇಜಿಗೆ ಬಂದ ಯಂತ್ರ

ಬೇರೆಯವರ ಮನೆಗೆ ಬುದ್ಧಿ ಹೇಳುವ ಮುಂಚೆ ನನ್ನ ಮನೆಯದನ್ನೂ ಹೇಳಬೇಕು.

ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ನೌಕರರ ಸಂಘಗಳ ಜೊತೆ ಒಪ್ಪಂದವಾದದ್ದು 1983ರಲ್ಲಿ. ಡಾ. ಸಿ. ರಂಗರಾಜನ್ ಅವರ ಸಮಿತಿಯ ವರದಿ 1984ರಲ್ಲಿ ಬಂತು. ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬರುವಾಗ ನನಗೆ ನಲವತ್ತು ತುಂಬುತ್ತಿತ್ತು. ಅಲ್ಲಿಯವರೆಗೆ ನಾನು ಶಾಖೆಯಲ್ಲಿ ಒಂದು ಆಳು. ಉದ್ದುದ್ದ ಕಾಲಂಗಳನ್ನು ಬೆರಳಾಡಿಸಿಕೊಂಡು ಬಾಯಲ್ಲೇ ಕೂಡುತ್ತಿದ್ದೆ. ಲೆಡ್ಜರ್ ಟ್ಯಾಲಿ ಆಗದಿದ್ದರೆ ಮ್ಯಾನೇಜರೇ ನನ್ನ ಮೇಜಿಗೆ ಬರುತ್ತಿದ್ದರು. ಒಂದು ವಾರದ ತರಬೇತಿಗೆ ಕಳಿಸಿದರು. ಊಟ ಚೆನ್ನಾಗಿತ್ತು, ಸರ್ಟಿಫಿಕೇಟೂ ಕೊಟ್ಟರು. ವಾಪಸು ಬಂದು ಮೆಷಿನ್ ಮುಂದೆ ಕೂತರೆ ಕೈ ನಡುಗುತ್ತಿತ್ತು.

ಕಲಿಯುವುದು ಅಷ್ಟೇನೂ ಕಷ್ಟವಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ಕಷ್ಟವಿತ್ತು. ಇಪ್ಪತ್ತು ವರ್ಷದ ಸರ್ವಿಸ್ ಹತ್ತಿರವಾದವನು ನಿನ್ನೆ ಸೇರಿದವರನ್ನು ಕೇಳಬೇಕಲ್ಲ! ಕೇಳದೆ ಕೂತೆ. ಕೆಲಸ ಉಳಿಯಿತು, ತಪ್ಪು ಬೆಳೆಯಿತು, ನಿದ್ದೆ ಹೋಯಿತು, ಬಿ.ಪಿ. ಬಂತು. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ. ಒಂದು ರಾತ್ರಿ ಮಗ ಲೆಕ್ಕದ ಪುಸ್ತಕ ಹಿಡಿದು, "ಅಪ್ಪ, ಇದು ಬರ್ತಿಲ್ಲ" ಎಂದು ಬಂದ. "ಬರದಿದ್ರೆ ಬಿಡು" ಎಂದು ಕಿತ್ತುಕೊಂಡು ಎಸೆದೆ. ಪುಸ್ತಕದ ರಟ್ಟು ಹರಿಯಿತು. ಹುಡುಗ ಅಳಲಿಲ್ಲ, ಎತ್ತಿಕೊಂಡು ಹೋಗಿ ಅನ್ನದಗುಳಿನಿಂದ ಅಂಟಿಸಿದ. ಮತ್ತೆಂದೂ ನನ್ನ ಹತ್ತಿರ ಲೆಕ್ಕ ಕೇಳಲು ಬರಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕಕ್ಕೆ ಹೆಸರಾದವನ ಮಗ ಲೆಕ್ಕ ಕಲಿಯಲು ಬೇರೆಯವರ ಮನೆಗೆ ಹೋದ.

ಕೊನೆಗೆ ನನಗೆ ಮೆಷಿನ್ ಕಲಿಸಿದ್ದು ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ. "ಸಾರ್, ತಪ್ಪು ಒತ್ತಿದ್ರೆ ಮೆಷಿನ್ ಏನೂ ಸುಟ್ಟುಹೋಗಲ್ಲ, ಒತ್ತಿ" ಎನ್ನುತ್ತಿದ್ದಳು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಅರ್ಧ ಗಂಟೆ, ಹೀಗೆ ಒಂದು ತಿಂಗಳು. ಬದಲಿಗೆ ಬಡ್ಡಿ ಲೆಕ್ಕ ಕಣ್ಣಿನಲ್ಲೇ ಅಂದಾಜು ಮಾಡುವುದನ್ನು ನಾನು ಅವಳಿಗೆ ಕಲಿಸಿದೆ. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು ದೇಶದಲ್ಲಿ ಸುಮಾರು 1 ಲಕ್ಷ ಜನ ಹೊರಬಂದರು. ನಮ್ಮಲ್ಲೂ ಕೆಲವರು ಹೋದರು. ಹೊಸ ಕೆಲಸ ಹುಡುಕಿಕೊಂಡವರು, ಮಾಡಲೇನಾದರೂ ಇದ್ದವರು ಚೆನ್ನಾಗಿದ್ದರು. ಬಂದ ಹಣವನ್ನೇ ನೋಡುತ್ತಾ ಮನೆಯಲ್ಲಿ ಕೂತವರು ಬೇಗ ಮುದುಕರಾದರು.

ಮನೆಯವರು ಮಾಡಬಹುದಾದದ್ದು

ಗುಮಾಸ್ತನ ಬುದ್ಧಿಗೆ ತೋಚಿದ ಕೆಲವು ಮಾತು.

ಮೊದಲು ಮಕ್ಕಳಿಗೆ ಹೇಳಿ. ಎಲ್ಲ ವಿವರ ಬೇಡ. "ಅಪ್ಪನ ಕೆಲಸ ಹೋಗಿದೆ. ಇದು ನಿನ್ನಿಂದ ಆದದ್ದಲ್ಲ. ಇಂಥಿಂಥ ಖರ್ಚು ಸ್ವಲ್ಪ ದಿನ ಬೇಡ, ಇದು ಇರುತ್ತದೆ." ಇಷ್ಟು ಸಾಕು. ಯಾವುದು ಇರುತ್ತದೆ ಎಂಬುದನ್ನು ಮರೆಯದೆ ಹೇಳಿ.

ಬರಬೇಕಾದದ್ದನ್ನು ಬರೆದು ಕೇಳಿ: ನೋಟಿಸ್ ಅವಧಿಯ ಸಂಬಳ, ರಜೆಯ ಹಣ, ಐದು ವರ್ಷ ಸತತ ಸೇವೆಯಾಗಿದ್ದರೆ ಗ್ರಾಚ್ಯುಯಿಟಿ. ಅದು ಸೇವೆಯ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಪಿ.ಎಫ್. ಹಣವನ್ನು ಅವಸರದಲ್ಲಿ ತೆಗೆದು ಖಾಲಿ ಮಾಡಬೇಡಿ. ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಹೋಗುತ್ತದೆ, ಮನೆಯವರ ಹೆಸರಿನಲ್ಲಿ ಬೇರೆಯದು ಮಾಡಿಸಿ. ಮನೆ ಸಾಲವಿದ್ದರೆ ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗುವುದಕ್ಕಿಂತ ತಪ್ಪುವ ಮುಂಚೆ ಹೋಗಿ ಮಾತಾಡಿ. ಕೌಂಟರಿನ ಈಚೆ ಕೂತಿದ್ದವನ ಅನುಭವದ ಮಾತಿದು.

ಬೆಳಗ್ಗೆ ಏಳುವ ಹೊತ್ತು, ಸ್ನಾನ, ತಿಂಡಿ ಬದಲಾಗದಿರಲಿ. ಹೊಸ ವಿದ್ಯೆ ಕಲಿಯುವುದಿದ್ದರೆ ಅದಕ್ಕೂ ಇಂತಿಷ್ಟು ಗಂಟೆಯೆಂದು ಗೊತ್ತುಮಾಡಿ. ಚಿಕ್ಕವರಿಂದ ಕಲಿಯಲು ನಾಚಿಕೆ ಬೇಡ.

ಕೆಲಸ ಇರುವವರೂ ಸೊರಗುತ್ತಿದ್ದಾರೆ. ದಣಿವು ಆರದಿರುವುದು, ಕೆಲಸವೆಂದರೆ ಜಿಗುಪ್ಸೆ, ಕೈಯಲ್ಲಿ ಆಗುತ್ತಿಲ್ಲವೆಂಬ ಭಾವನೆ, ಇವುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಯಲ್ಲಿ 'ಬರ್ನ್‌ಔಟ್' ಎಂದು ಜಾಗ ಕೊಟ್ಟಿತು. ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು. ನಿದ್ದೆ, ಊಟ ಬಿಟ್ಟು, ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ.

ನನಗೂ ಆಯಿತು

ಮರುದಿನ ಬೆಳಗ್ಗೆ ಪುಟ್ಟಿಯ ಅಪ್ಪನನ್ನು ವಾಕಿಂಗ್‌ಗೆ ಕರೆದೆ. ಎನ್.ಆರ್. ಕಾಲೋನಿಯಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಕಹಳೆ ಬಂಡೆ ಉದ್ಯಾನದವರೆಗೆ ಇಬ್ಬರೂ ಮಾತಾಡಲಿಲ್ಲ. ಬಂಡೆಯ ಹತ್ತಿರ, "ಪುಟ್ಟಿ ವೀಣೆ ಯಾಕಪ್ಪ ಬಿಟ್ಲು?" ಎಂದೆ.

"ಬೋರ್ ಅಂತೆ ಅಂಕಲ್."

"ಲೇ-ಆಫ್ ಅಂದ್ರೆ ಏನು ಅಂತ ನನ್ನ ಕೇಳಿದಳು."

ಅವನು ಅಲ್ಲೇ ಕೂತುಬಿಟ್ಟ. "ಅವಳಿಗೆ ಗೊತ್ತಾಗಬಾರದು ಅಂತಾನೇ ಇಷ್ಟು ದಿನ..." ಎಂದು ನಿಲ್ಲಿಸಿದ. ನಾನು ನನ್ನ ಮಗನ ಹರಿದ ಪುಸ್ತಕದ ಕಥೆ ಹೇಳಿದೆ. ನನ್ನ ಹೆಂಡತಿಗೂ ಹೇಳಿರದ ಕಥೆ ಅದು.

ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಇಂಟರ್ವ್ಯೂ ಆಗಿದೆ. ಸಂಜೆ ಹೊತ್ತು ಯಾವುದೋ ಹೊಸ ಕೋರ್ಸ್ ಓದುತ್ತಾನೆ, ಪಕ್ಕದಲ್ಲೇ ಮಗಳ ಹೋಂವರ್ಕ್ ನಡೆಯುತ್ತದೆ. ಬೆಳಗ್ಗೆ ನಮ್ಮ ಅಡುಗೆಮನೆಗೆ ಮತ್ತೆ ಸರಳೆ ವರಸೆ ಕೇಳಿಸುತ್ತಿದೆ.

ಹೋದ ವಾರ ಪುಟ್ಟಿ ಬರಿಗೈಯಲ್ಲಿ ಇಳಿದು ಬಂದಳು.

"ತಾತ, ಇನ್ಮೇಲೆ ಲೆಕ್ಕ ಅಪ್ಪನೇ ಹೇಳ್ಕೊಡ್ತಾರಂತೆ. ನಿಮಗೆ ಲೇ-ಆಫ್!"

"ಪೂರ್ತಿನಾ?"

ಅವಳು ಒಂದು ನಿಮಿಷ ಯೋಚಿಸಿದಳು. "ಇಲ್ಲ, ಶನಿವಾರ ಬರ್ತೀನಿ" ಎಂದಳು.

ಹಾಗಾದರೆ ಸರಿ. ಕಾಯ್ದೆಯ ಪ್ರಕಾರವೂ ಲೇ-ಆಫ್ ಎಂದರೆ ತಾತ್ಕಾಲಿಕವೇ.