ಬಯೋಸ್ ಆವೃತ್ತಿಯ ಆಯ್ಕೆ

ಬಯೋಸ್ ಆವೃತ್ತಿಯ ಆಯ್ಕೆ ಎಂದರೆ ಗಣಕಯಂತ್ರದ ಮದರ್‌ಬೋರ್ಡಿಗೂ ಅದರಲ್ಲಿ ಕೂರಿಸುವ ಪ್ರೊಸೆಸರಿಗೂ ಹೊಂದುವ ಬಯೋಸ್ ಕಡತವನ್ನು ಗುರುತಿಸುವ ಕ್ರಮ. ಬಯೋಸ್ ಎಂಬುದು ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್‌ನಲ್ಲಿರುವ ತಂತ್ರಾಂಶ. ಯಂತ್ರವನ್ನು ಚಾಲನೆ ಮಾಡಿದೊಡನೆ ಇದು ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳನ್ನು ಸಜ್ಜುಗೊಳಿಸಿ, ಬಳಿಕ ಕಾರ್ಯಾಚರಣ ವ್ಯವಸ್ಥೆಗೆ ನಿಯಂತ್ರಣವನ್ನು ಒಪ್ಪಿಸುತ್ತದೆ. ಇಂದಿನ ಮದರ್‌ಬೋರ್ಡುಗಳಲ್ಲಿರುವುದು ವಾಸ್ತವವಾಗಿ ಯುಇಎಫ್‌ಐ; ಹೆಸರು ಮಾತ್ರ ಹಳೆಯದೇ ಉಳಿದಿದೆ.

ಮಾದರಿ ಮತ್ತು ಪರಿಷ್ಕರಣೆ

ಬಯೋಸ್ ಕಡತವು ಒಂದು ನಿರ್ದಿಷ್ಟ ಮಾದರಿಗೆ ಮಾತ್ರ ಸಲ್ಲುತ್ತದೆ. ಚಿಪ್‌ಸೆಟ್ ಒಂದೇ ಆಗಿದ್ದರೂ, ಹೆಸರಿನಲ್ಲಿ ಒಂದಕ್ಷರವಷ್ಟೇ ಬೇರೆಯಾಗಿದ್ದರೂ ಒಂದರ ಕಡತ ಇನ್ನೊಂದಕ್ಕೆ ಆಗದು. ಗಿಗಾಬೈಟ್‌ನಂತಹ ತಯಾರಕರು ಒಂದೇ ಮಾದರಿಯನ್ನು ಹಲವು ಪರಿಷ್ಕರಣೆಗಳಲ್ಲಿ ಹೊರತಂದಿದ್ದು, ಪರಿಷ್ಕರಣೆಯ ಸಂಖ್ಯೆಯನ್ನು ಬೋರ್ಡಿನ ಮೇಲೆಯೇ ಮುದ್ರಿಸಿರುತ್ತಾರೆ. ಈಗಿರುವ ಆವೃತ್ತಿಯನ್ನು ಬಯೋಸ್ ಪರದೆಯಲ್ಲಿ, ವಿಂಡೋಸ್‌ನ ಸಿಸ್ಟಮ್ ಇನ್‌ಫರ್ಮೇಶನ್‌ನಲ್ಲಿ ಅಥವಾ ಲಿನಕ್ಸ್‌ನ ಡಿಎಂಐಡಿಕೋಡ್ ಆಜ್ಞೆಯಿಂದ ತಿಳಿಯಬಹುದು.

ಎಎಂ4 ಸಾಕೆಟ್‌ನ ಉದಾಹರಣೆ

ಆವೃತ್ತಿಯ ಆಯ್ಕೆ ಎಷ್ಟು ತೊಡಕಿನದಾಗಬಹುದು ಎಂಬುದಕ್ಕೆ ಎಎಂಡಿಯ ಎಎಂ4 ಸಾಕೆಟ್ ಒಳ್ಳೆಯ ನಿದರ್ಶನ. 2017ರ ಮೊದಲ ರೈಜನ್‌ನಿಂದ 2020ರ ರೈಜನ್ 5000 ಸರಣಿಯವರೆಗಿನ ಪ್ರೊಸೆಸರುಗಳು ಇದೇ ಸಾಕೆಟ್‌ನಲ್ಲಿ ಕೂರುತ್ತವೆ. ಆದರೆ ಕೂರುವುದೇ ಬೇರೆ, ಚಾಲನೆಗೊಳ್ಳುವುದೇ ಬೇರೆ. ಪ್ರತಿ ಪೀಳಿಗೆಗೂ ಎಎಂಡಿ ನೀಡುವ ಅಜೀಸಾ ಎಂಬ ಸಂಕೇತಭಾಗವು ಬಯೋಸ್‌ನಲ್ಲಿರಬೇಕು. ಹಲವು ಹಳೆಯ ಬೋರ್ಡುಗಳ ಚಿಪ್ 16 ಮೆಗಾಬೈಟ್‌ನದಾಗಿದ್ದು, ಎಲ್ಲ ಪೀಳಿಗೆಗಳಿಗೂ ಅದರಲ್ಲಿ ಸ್ಥಳ ಸಾಲಲಿಲ್ಲ. ಹೀಗಾಗಿ ಕೆಲವು ಹೊಸ ಆವೃತ್ತಿಗಳು ಹಳೆಯ ಎ-ಸರಣಿಯ ಪ್ರೊಸೆಸರುಗಳ ಬೆಂಬಲವನ್ನು ಕೈಬಿಟ್ಟವು. 400 ಸರಣಿಯ ಚಿಪ್‌ಸೆಟ್‌ಗಳಿಗೆ ರೈಜನ್ 5000ರ ಬೆಂಬಲವಿಲ್ಲವೆಂದು ಎಎಂಡಿ 2020ರ ಮೇ ತಿಂಗಳಲ್ಲಿ ಹೇಳಿತು. ಬಳಕೆದಾರರ ಆಕ್ಷೇಪದ ನಂತರ ಅದೇ ತಿಂಗಳು ನಿಲುವು ಬದಲಿಸಿತು.

ಹೊಸ ಪ್ರೊಸೆಸರ್ ಕೊಂಡವನ ಬಳಿ ಹಳೆಯ ಬಯೋಸ್ ಇದ್ದರೆ ಪರದೆಯೇ ಬೆಳಗದು. ಬಯೋಸ್ ನವೀಕರಿಸಲು ಹಳೆಯ ಪ್ರೊಸೆಸರೊಂದು ಬೇಕಾಗುತ್ತದೆ. ಈ ಇಕ್ಕಟ್ಟಿಗಾಗಿ 2018ರಲ್ಲಿ ಎಎಂಡಿ ಗ್ರಾಹಕರಿಗೆ ಪ್ರೊಸೆಸರನ್ನೇ ಎರವಲು ಕೊಟ್ಟಿತ್ತು. ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ನವೀಕರಿಸಬಹುದು. ಆದ್ದರಿಂದ ಕೊಳ್ಳುವ ಮುನ್ನವೇ ತಯಾರಕರ ಪ್ರೊಸೆಸರ್ ಬೆಂಬಲ ಪಟ್ಟಿಯನ್ನು ನೋಡುವುದು ಸೂಕ್ತ. ಪ್ರತಿ ಪ್ರೊಸೆಸರಿಗೆ ಬೇಕಾದ ಕನಿಷ್ಠ ಆವೃತ್ತಿ ಅದರಲ್ಲಿ ನಮೂದಾಗಿರುತ್ತದೆ.

ಹೊಸ ಆವೃತ್ತಿಯ ಅಗತ್ಯ

ತೊಂದರೆಯಿಲ್ಲದೆ ನಡೆಯುತ್ತಿರುವ ಯಂತ್ರದ ಬಯೋಸ್ ಬದಲಿಸಬೇಕಿಲ್ಲವೆಂದು ಕೆಲವು ತಯಾರಕರೇ ಸೂಚಿಸುತ್ತಾರೆ. ಆದರೆ ಈ ಮಾತು ಎಲ್ಲ ಕಾಲಕ್ಕೂ ಸಲ್ಲದು. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರುಗಳು ಸುಟ್ಟುಹೋದಾಗ, ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಗೊಳಿಸುವ ಬಯೋಸ್ ಬಂದಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳ ಅಸ್ಥಿರತೆಗೆ ಪರಿಹಾರವಾದ ಮೈಕ್ರೋಕೋಡ್ ಕೂಡ ಬಯೋಸ್ ಮೂಲಕವೇ ತಲುಪಿತು. ಆದರೆ ಆಗಲೇ ಹಾನಿಗೊಂಡ ಪ್ರೊಸೆಸರನ್ನು ಅದು ಸರಿಪಡಿಸಲಾರದು.

ಬೀಟಾ ಎಂದು ಗುರುತಿಸಿದ ಆವೃತ್ತಿಗಳು ಪರೀಕ್ಷಾರ್ಥವಾದವು. ಬರೆಯುವಾಗ ವಿದ್ಯುತ್ ಕಡಿತಗೊಂಡರೆ ಬೋರ್ಡ್ ನಿಷ್ಕ್ರಿಯವಾಗಬಹುದು. ಬಿಟ್‌ಲಾಕರ್ ಬಳಸುವವರು ಅದರ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ನವೀಕರಣದ ನಂತರ ವಿಂಡೋಸ್ ಅದನ್ನು ಕೇಳುವುದುಂಟು.